ಆರು ತಿಂಗಳು ಮಾಗಿದ ಸಾಬೂನು

ಪಾನೋ ಪಿಗಿ, ಲೆಸ್ಬೋಸ್
೨೩ ಸೆಪ್ಟೆಂಬರ್ ೧೯೬೨, ಭಾನುವಾರ

ಪ್ರೀತಿಯ ಸ್ತ್ರಾತಿಸ್,

ಹೇಗಿದ್ದೀಯ? ರಾಟರ್‌ಡ್ಯಾಮ್ ಬಂದರಿನಿಂದ ನೀನು ಬರೆದ ಕಾಗದ ಗುರುವಾರ ಕೈಸೇರಿತು. ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದ ಬೊಕ್ಕೆಗಳು ಈಗ ಆರಿವೆಯೇ? ಕೆರೆದುಕೊಳ್ಳಬೇಡ, ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು. ಹಡಗಿನ ಅಡಿಗೆಯವನು ಕಡಲೆಕಾಳನ್ನು ಕಲ್ಲಿನ ಹಾಗೆ ಬೇಯಿಸುತ್ತಾನೆ ಎಂದು ಬರೆದಿದ್ದೀಯ, ಹಿಂದಿನ ದಿನವೇ ನೆನೆಹಾಕಲು ಅವನಿಗೆ ಹೇಳು, ಅಷ್ಟೂ ತಿಳಿಯದವನು ಎಂಥ ಅಡಿಗೆಯವನು! ನಾವು ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಮಗಳು ಲೆನಿಯೋಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಬಿದ್ದ ಹಲ್ಲನ್ನು ಸೂರಿನ ಮೇಲೆ ಎಸೆಯಲು ಒಪ್ಪದೆ, ಅಪ್ಪನಿಗೆ ತೋರಿಸಬೇಕೆಂದು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಅಂಜೂರ ಈ ವರ್ಷ ಹೇರಳವಾಗಿ ಬಂತು, ಒಣಗಿಸಿ ದಾರಕ್ಕೆ ಪೋಣಿಸಿದ್ದೇನೆ. ಆಲಿವ್ ಮರಗಳಲ್ಲೂ ಕಾಯಿ ಚೆನ್ನಾಗಿ ಕಚ್ಚಿದೆ, ಗಾಳಿ ಎದ್ದು ಉದುರಿಸದಿದ್ದರೆ ನವೆಂಬರಿಗೆ ಕೈತುಂಬ ಕೆಲಸ.

ಅತ್ತೆಯೂ ಚೆನ್ನಾಗಿದ್ದಾರೆ. ಈ ಮಾತನ್ನು ಹತ್ತೊಂಬತ್ತು ತಿಂಗಳಿಂದ ಪ್ರತಿಯೊಂದು ಕಾಗದದಲ್ಲೂ ಬರೆಯುತ್ತ ಬಂದಿದ್ದೇನೆ ಸ್ತ್ರಾತಿಸ್, ಅದು ಪೂರ್ತಿ ನಿಜವಾಗಿರಲಿಲ್ಲ. ಗಾಬರಿಯಾಗಬೇಡ, ಕೆಟ್ಟ ಸುದ್ದಿಯೇನಲ್ಲ, ಇದ್ದ ಕೆಟ್ಟದ್ದು ಬಹುಪಾಲು ಕಳೆಯಿತು. ನಿನಗೆ ಗೊತ್ತೇ ಇದೆ, ಕಾಗದ ಬರೆಯಲು ಕುಳಿತರೆ ಅತ್ತೆ ಎದುರಿಗೆ ಕುರ್ಚಿ ಎಳೆದುಕೊಂಡು, ಬರೆದದ್ದನ್ನೆಲ್ಲ ಜೋರಾಗಿ ಓದಿಸಿ, ಬೇಡದ್ದನ್ನು ಹೊಡೆಸಿಹಾಕಿ, ಆಮೇಲೇ ಲಕೋಟೆಗೆ ಅಂಟು ಹಚ್ಚಲು ಬಿಡುವವರು. ಇಷ್ಟು ದಿನ ನಾನು ಬರೆದದ್ದೆಲ್ಲ ಅವರ ಜರಡಿಯಲ್ಲಿ ಸೋಸಿ ಬಂದದ್ದು. ಇವತ್ತು ಪೂಜೆ ಮುಗಿಸಿ ಚರ್ಚಿನಿಂದ ಬರುತ್ತ ದಾರಿಯಲ್ಲಿ ತಾವಾಗಿಯೇ ನಿಂತು, “ಅವನಿಗೆ ಎಲ್ಲಾ ಬರಿಯೇ. ಸಾಬೂನಿಂದ ಶುರುಮಾಡು, ನನ್ನ ಕಣ್ಣಿನ ತನಕ ಬಾ. ಊರಿಗೆಲ್ಲಾ ಗೊತ್ತಾದ್ಮೇಲೆ ಮಗನಿಗೆ ಮುಚ್ಚಿಡೋದು ಏನಿದೆ?” ಎಂದರು. ಅದಕ್ಕೇ ಸಾಬೂನಿನಿಂದ ಶುರುಮಾಡುತ್ತೇನೆ.

ಹೋದ ವರ್ಷ ಫೆಬ್ರವರಿಯಲ್ಲಿ ನೀನು ಹೊರಟೆ. ಮಾರ್ಚಿನಲ್ಲಿ ಎಂದಿನಂತೆ ಐದು ಮನೆಯ ಹೆಂಗಸರು ತಮ್ಮ ಹಳೆಯ ಎಣ್ಣೆಯನ್ನೂ ಜಾಡಿಯ ತಳದ ಮಡ್ಡಿಯನ್ನೂ ಹೊತ್ತು ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಮಿರ್ಸಿನಿ ಕೊಪ್ಪರಿಗೆ ಇಟ್ಟಳೆಂದರೆ ವರ್ಷದ ಸಾಬೂನಿನ ಚಿಂತೆ ಇಲ್ಲ ಎಂಬುದು ಈ ಊರಲ್ಲಿ ನಾನು ಸೊಸೆಯಾಗಿ ಬರುವ ಮೊದಲಿನಿಂದ ಇದ್ದ ಮಾತು. ಚರ್ಮ ಸುಡುವ ಕಾಸ್ಟಿಕ್ ಸೋಡಾದ ನೀರನ್ನು ನಾಲಿಗೆಯ ತುದಿಗೆ ತಾಗಿಸಿ ಅದರ ಬಲ ಹೇಳುವವರು, ಕುದಿಯುವ ಸದ್ದು ಕೇಳಿ ಉರಿ ಹಿಂದಕ್ಕೆ ಎಳೆಯುವವರು ಅತ್ತೆ. ನಾನು ಮಾತ್ರ ಎಂದೂ ಆ ಅಂಗಳದೊಳಗೆ ಬೇಕಾದವಳಾಗಿರಲಿಲ್ಲ. ಕಟ್ಟಿಗೆ ತಂದುಕೊಡು, ನೀರು ಸೇದಿಕೊಡು, ಒಳಗೆ ಹೋಗು, ಇಷ್ಟೇ. ಅವತ್ತು ಮಗು ಅಳುತ್ತಿತ್ತೆಂದು ಒಂದು ಸಲ ಬಾಗಿಲಿಗೆ ಬಂದು ಇಣುಕಿದೆ. ಕೊಪ್ಪರಿಗೆಯತ್ತ ನೋಡಿದ್ದೂ ನಿಜ. ಅದೇ ನನ್ನ ಮೇಲೆ ಬಂತು.

ಆ ಸಾಬೂನು ಗಟ್ಟಿಯಾಗಲೇ ಇಲ್ಲ. ಮೂರು ದಿನ ಕಳೆದರೂ ಕತ್ತರಿಸುವ ತಂತಿಗೆ ಅಂಟಿಕೊಂಡು ಬರುತ್ತಿತ್ತು. ಒಂದು ತಿಂಗಳಾದ ಮೇಲೆ ಬೆರಳಿಟ್ಟರೆ ಗುಳಿ ಬೀಳುತ್ತಿತ್ತು, ಮೇಲೆ ಎಣ್ಣೆ ಜಿನುಗುತ್ತಿತ್ತು, ಬಟ್ಟೆಗೆ ಹಚ್ಚಿದರೆ ಕೊಳೆ ಹೋಗುವ ಬದಲು ಜಿಡ್ಡು ಹತ್ತುತ್ತಿತ್ತು. ಐದು ಮನೆಯ ವರ್ಷದ ಸಾಬೂನು ಹಾಗೆ ಹಾಳಾಯಿತು. ಕೆಳಮನೆಯ ಅಮೆರ್ಸಾ ಬಂದು ಬುಟ್ಟಿಯನ್ನು ಅತ್ತೆಯ ಮುಂದೆ ಇಟ್ಟು, “ಮಿರ್ಸಿನಿ ಅಕ್ಕಾ, ಇದೇನು ಸಾಬೂನೋ ಹಂದಿ ಕೊಬ್ಬೋ?” ಎಂದಳು. ಅತ್ತೆಯ ಮುಖ ಸುಣ್ಣದ ಹಾಗಾಯಿತು. “ಸೊಸೆ ಬಾಗಿಲಲ್ಲಿ ನಿಂತು ನೋಡಿದ್ಲು. ಕಣ್ಣು ಬಿತ್ತು,” ಎಂದುಬಿಟ್ಟರು.

ಅಷ್ಟು ಸಾಕಾಯಿತು. ಆಚೆ ದಡದ ತುರ್ಕಿಯಿಂದ ನಿರಾಶ್ರಿತರಾಗಿ ಬಂದವರ ಮಗಳು ನಾನು, ನಮ್ಮವರ ಕಣ್ಣು ನೀಲಿ, ನೀಲಿ ಕಣ್ಣಿನ ದೃಷ್ಟಿ ಕೆಟ್ಟದ್ದಂತೆ, ನಮ್ಮವರು ಐವಲಿಯಲ್ಲಿ ಏನೇನು ಮಾಡುತ್ತಿದ್ದರೋ ಎಂದು ಮೊದಲೇ ಮೂಗು ಮುರಿಯುತ್ತಿದ್ದವರಿಗೆ ಹಬ್ಬದೂಟ ಸಿಕ್ಕಿತು. ಊರ ಬುಗ್ಗೆಯ ಹತ್ತಿರ ಬಟ್ಟೆ ಒಗೆಯಲು ಹೋದರೆ ಪಕ್ಕದ ಕಲ್ಲಿನವರು ತಮ್ಮ ಸಾಬೂನಿನ ಮೇಲೆ ತಲೆವಸ್ತ್ರದ ಅಂಚು ಎಳೆದುಕೊಳ್ಳುತ್ತಿದ್ದರು. ಬಾಣಂತಿ ಮನೆಗೆ ಕರೆಯುವುದನ್ನು ಬಿಟ್ಟರು. ಹಿಟ್ಟು ನಾದುವಾಗ ನಾನು ಹೋದರೆ ಬಟ್ಟೆ ಮುಚ್ಚಿದರು. ಇದನ್ನೆಲ್ಲ ನಿನಗೆ ಬರೆಯಲಿಲ್ಲ, ಬರೆದರೆ ಅತ್ತೆ ಹೊಡೆಸಿಹಾಕುತ್ತಿದ್ದರು ಎಂಬುದಷ್ಟೇ ಕಾರಣವಲ್ಲ. ಒಂದು ತಪ್ಪೊಪ್ಪಿಗೆ ಇದೆ ಸ್ತ್ರಾತಿಸ್. ಆ ಬುಟ್ಟಿಯನ್ನು ಅಮೆರ್ಸಾ ನೆಲಕ್ಕೆ ಇಟ್ಟಾಗ, ಅತ್ತೆಯ ಹೆಸರಿಗೆ ಮಸಿ ಹತ್ತಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಗಿತ್ತು. ಒಂದೇ ಗಳಿಗೆ. ಆದರೂ ಆಗಿದ್ದು ನಿಜ. ಆಮೇಲೆ ನನ್ನ ಮೇಲೆ ಮಾತು ಬಂದಾಗ, ಇದು ಆ ಹಿಗ್ಗಿನ ಶಿಕ್ಷೆಯಿರಬೇಕು ಎಂದುಕೊಂಡು ಬಾಯಿ ಮುಚ್ಚಿಕೊಂಡೆ.

ಈ ವರ್ಷ ಮಾರ್ಚಿನಲ್ಲಿ ಯಾರೂ ಮಡ್ಡಿ ತರಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ಮೊದಲ ಸೋಮವಾರ ಊರಿಡೀ ಪಾತ್ರೆ ಉಜ್ಜುತ್ತಿದ್ದರೆ ಅತ್ತೆ ಬಾಗಿಲ ಹೊಸ್ತಿಲಲ್ಲಿ ಕುಳಿತು ಯಾರಾದರೂ ಬರುತ್ತಾರೇನೋ ಎಂದು ದಾರಿ ಕಾದರು. ಬುಧವಾರ ಬೆಳಗ್ಗೆ, “ನಮ್ಮನೆ ಎಣ್ಣೆ ಇದೆಯಲ್ಲ, ಇಪ್ಪತ್ತು ಕಿಲೋ ಸಾಕು. ಮಾಡ್ತೀನಿ. ನೀನು ಮಗೂನ ಕರ್ಕೊಂಡು ಒಳಗಿರು, ಬಾಗಿಲು ಹಾಕ್ಕೊ. ಈ ಸಲ ಕಿಟಕೀಲೂ ಇಣುಕಬೇಡ,” ಎಂದು ಅಂಗಳದ ಅಗುಳಿ ಹಾಕಿಕೊಂಡರು. ನಾನು ಇಣುಕಿದೆ. ಇಣುಕಿದ್ದಕ್ಕೆ ಇವತ್ತಿಗೂ ದೇವರಿಗೆ ದೀಪ ಹಚ್ಚುತ್ತೇನೆ.

ಅಡಿಗೆ ಕೋಣೆಯ ಕಿಟಕಿಯ ಸಂದಿನಿಂದ ಕಂಡದ್ದು ಇಷ್ಟು. ಅತ್ತೆ ಸೌಟಿಗಾಗಿ ಗೋಡೆಯ ಮೇಲೆ ಕೈ ಸವರುತ್ತಿದ್ದರು. ಸೌಟು ಒಂದು ಗೇಣು ಈಚೆಗೆ, ಮೂವತ್ತು ವರ್ಷದಿಂದ ನೇತಾಡುವ ಮೊಳೆಯಲ್ಲೇ ಇತ್ತು. ಕೈಗೆ ತಾಗಿದ ಮೇಲೆ ಹಿಡಿದರು. ಸೋಡಾ ಅಳೆಯುವ ತಗಡಿನ ಡಬ್ಬಿಯ ಒಳಗಿನ ಗೆರೆಯನ್ನು ಬಿಸಿಲಿಗೆ ಹಿಡಿದರು, ನೆರಳಿಗೆ ಹಿಡಿದರು, ಕೊನೆಗೆ ಬೆರಳು ಇಳಿಬಿಟ್ಟು ಅಂದಾಜು ನೋಡಿದರು. ಆಗ ನನಗೆ ಲೆನಿಯೋ ಎಷ್ಟೋ ಸಲ ಹೇಳಿದ್ದು ನೆನಪಾಯಿತು, “ಅಜ್ಜಿ ನನ್ನ ಮುಖಾನ ಕೈಯಲ್ಲಿ ನೋಡ್ತಾಳೆ ಅಮ್ಮಾ,” ಎಂದು. ಮುದ್ದು ಮಾಡುತ್ತಾರೆ ಎಂದುಕೊಂಡಿದ್ದೆ. ಕೆಳಗೆ ಎರಡು ಪಾತ್ರೆ ಅಕ್ಕಪಕ್ಕ ಇದ್ದವು, ಒಂದರಲ್ಲಿ ಸೋಡಾ, ಇನ್ನೊಂದರಲ್ಲಿ ನೀರು. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಇದು ಮಗುವಿಗೂ ಗೊತ್ತು. ಅತ್ತೆ ನೀರಿನ ಪಾತ್ರೆಯನ್ನೇ ಸೋಡಾದ ಪಾತ್ರೆಯೆಂದು ಎತ್ತಿ ಒಣ ಸೋಡಾದ ಮೇಲೆ ಸುರಿಯತೊಡಗಿದರು.

ನಾನು ಕೂಗಿದ್ದು ನನಗೇ ನೆನಪಿಲ್ಲ. ಅಗುಳಿ ಹೇಗೆ ತೆಗೆದೆನೋ ಗೊತ್ತಿಲ್ಲ, ಬಾಗಿಲ ಕೆಳಗಿನ ಹಲಗೆ ಇವತ್ತಿಗೂ ಸೀಳಿದೆ, ನೀನು ಬಂದು ಸರಿಮಾಡಬೇಕು. ಪಾತ್ರೆ ಬುಸ್ಸೆಂದು ಉಕ್ಕಿ ಸಿಡಿಯಿತು. ನನ್ನ ಕೂಗಿಗೆ ಅತ್ತೆ ಮುಖ ತಿರುಗಿಸಿದ್ದರಿಂದ ಮುಖ ಉಳಿಯಿತು, ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತು. ತೊಟ್ಟಿಯ ನೀರನ್ನು ಬಿಂದಿಗೆ ಬಿಂದಿಗೆಯಾಗಿ ಆ ಕೈಮೇಲೆ ಸುರಿದೆ. ಸುರಿಯುತ್ತಲೇ ಇದ್ದೆ. ಅವರು ನೋವಿಗಿಂತ ಹೆಚ್ಚಾಗಿ ನನ್ನನ್ನು ಬೈಯುತ್ತಿದ್ದರು. “ಬರಬೇಡ ಅಂದಿರ್ಲಿಲ್ವೇನೇ? ನೋಡಿದ್ಯಲ್ಲ! ಮತ್ತೆ ನೋಡಿದ್ಯಲ್ಲ! ನಿನ್ನ ಕಣ್ಣಿಗೆ ಏನು ಬಂದಿದೆ?” ನಾನೂ ಆಗ ಸಿಟ್ಟಿನಲ್ಲಿದ್ದೆ, ಹೆದರಿದ್ದೆ, ಹನ್ನೆರಡು ತಿಂಗಳು ನುಂಗಿದ್ದು ಗಂಟಲಿಗೆ ಬಂತು. “ನನ್ನ ಕಣ್ಣಿಗೆ ಏನೂ ಬಂದಿಲ್ಲ ಅತ್ತೆ. ನಿಮ್ಮ ಕಣ್ಣಿಗೆ ಏನಾಗಿದೆ, ಅದನ್ನ ಹೇಳಿ,” ಎಂದುಬಿಟ್ಟೆ.

ಅವರು ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಮಾವ ತೀರಿಕೊಂಡಾಗಲೂ ನಾನು ಅವರು ಅತ್ತದ್ದು ಕಂಡಿರಲಿಲ್ಲ. “ಮೂರು ವರ್ಷ ಆಯ್ತು,” ಎಂದರು. “ಮೊದಲು ಹೊಗೆ ಹಾಗಿತ್ತು. ಒಲೆ ಹೊಗೆ ಅಂದ್ಕೊಂಡೆ. ಈಗ ನೀನು ಬಾಗಿಲಲ್ಲಿ ನಿಂತ್ರೆ ಯಾರೋ ನಿಂತಿದಾರೆ ಅನ್ನೋದು ಗೊತ್ತಾಗತ್ತೆ, ನೀನು ಅಂತ ಹೆಜ್ಜೆ ಸದ್ದಿಂದ ಗೊತ್ತಾಗತ್ತೆ. ಕುರುಡಿ ಮಾಡಿದ ಸಾಬೂನು ಯಾರು ತಗೋತಾರೆ? ಕುರುಡೀನ ಯಾರು ಕೇಳ್ತಾರೆ? ಅದಕ್ಕೇ ಆವತ್ತು ನಿನ್ನ ಹೆಸರು ಬಾಯಿಗೆ ಬಂತು.” ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ, ಆಗ ಕ್ಷಮಿಸಿಯೂ ಇರಲಿಲ್ಲ. ಕೈಗೆ ಬಟ್ಟೆ ಸುತ್ತಿ, ದಾದಿಯನ್ನು ಕರೆಯಲು ಹೋದೆ.

ಒಂದು ವಾರ ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಮಾತಿಲ್ಲ. ಎಣ್ಣೆ ಅಂಗಳದ ಮೂಲೆಯಲ್ಲಿ ಹಾಗೇ ಇತ್ತು. ಎಂಟನೆಯ ದಿನ ಅತ್ತೆ ಬಂದು ನಾನು ಬೀನ್ಸ್ ಬಿಡಿಸುತ್ತಿದ್ದ ಕಡೆ ಕುಳಿತು, “ನಿಮ್ಮಮ್ಮ ಹೇಗೆ ಮಾಡ್ತಿದ್ದಳು ಸಾಬೂನು?” ಎಂದು ಕೇಳಿದರು. ನಮ್ಮ ಮದುವೆಯಾಗಿ ಎಂಟು ವರ್ಷ. ನನ್ನ ತಾಯಿ ಸುಲ್ತಾನಾಳ ಬಗ್ಗೆ ಅವರು ಒಂದು ಮಾತು ಕೇಳಿದ್ದು ಅದೇ ಮೊದಲು. ನಮ್ಮಮ್ಮ ಕುದಿಸುತ್ತಲೇ ಇರಲಿಲ್ಲ ಎಂದೆ. ನಿರಾಶ್ರಿತರ ಶಿಬಿರದ ಜೋಪಡಿಯಲ್ಲಿ ಅಷ್ಟು ಕಟ್ಟಿಗೆ ಎಲ್ಲಿಂದ ಬರಬೇಕು? ಬೆಚ್ಚಗಿನ ಎಣ್ಣೆಗೆ ತಣಿದ ಸೋಡಾ ನೀರು ಸೇರಿಸಿ ತಿರುವುತ್ತಿದ್ದಳು, ಅಷ್ಟೇ. ಉಳಿದ ಕೆಲಸವನ್ನು ಆರು ತಿಂಗಳು ಗಾಳಿ ಮಾಡುತ್ತಿತ್ತು. ಅತ್ತೆ ತುಟಿ ಕೊಂಕಿಸಿ, “ಬೇಯಿಸದ ಸಾಬೂನು! ಬೇಯಿಸದ ಅನ್ನ ತಿನ್ನೋ ಹಾಗೆ,” ಎಂದರು. ಒಂದು ಬೀನ್ಸ್ ಕೈಗೆತ್ತಿಕೊಂಡು ಬಿಡಿಸುತ್ತ, “ಉರಿ ಬೇಡ ಅಂದ್ರೆ... ನನಗೂ ಆಗತ್ತೆ ಅಲ್ವಾ?” ಎಂದರು.

ಹಾಗೆ ಶುರುವಾಯಿತು. ಇಪ್ಪತ್ತು ಕಿಲೋ ಎಣ್ಣೆಯನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿದೆವು, ಮಡ್ಡಿ ಉಳಿದರೆ ಸಾಬೂನು ತರಿತರಿಯಾಗುತ್ತದೆ. ಎರಡೂವರೆ ಕಿಲೋ ಸೋಡಾವನ್ನು ಅಂಗಡಿಯಲ್ಲೇ ತಕ್ಕಡಿಯಲ್ಲಿ ತೂಗಿಸಿ ತಂದೆ, ಡಬ್ಬಿಯ ಗೆರೆಯ ಸಹವಾಸ ಬೇಡವೆಂದು. ನೀರು ಅದರ ಎರಡರಷ್ಟೇ, ಒಂದು ಲೋಟವೂ ಹೆಚ್ಚಿಲ್ಲ. ಅತ್ತೆ ಹಾಕುತ್ತಿದ್ದದ್ದು ಇದರ ಮೂರು ಪಟ್ಟು. “ಇಷ್ಟು ನೀರು ನಾಲಿಗೆ ನೆನೆಯೋಕೂ ಸಾಲದು,” ಎಂದು ಅವರು, “ನೀರು ಹೆಚ್ಚಾದ್ರೆ ಒಣಗೋಕೆ ಹೆಚ್ಚು ದಿನ, ಒಣಗಿದ ಮೇಲೆ ಸೊಟ್ಟ ಆಗತ್ತೆ,” ಎಂದು ನಾನು. ನೀರಿಗೆ ಮೊದಲು ಎರಡು ಹಿಡಿ ಉಪ್ಪು ಕರಗಿಸಿದೆ, ಬಿಲ್ಲೆ ಗಟ್ಟಿಯಾಗಲು. ಸೋಡಾ ಬೆರೆಸುವಾಗ ಅವರನ್ನು ಹತ್ತು ಹೆಜ್ಜೆ ಆಚೆ ಕೂರಿಸಿದೆ. ತಣಿದದ್ದು ಸರಿಯೋ ಇಲ್ಲವೋ ಎಂಬುದನ್ನು ಮಾತ್ರ ಅವರೇ ಹೇಳಬೇಕಾಯಿತು. ಎರಡೂ ಪಾತ್ರೆಯ ಹೊರಮೈಗೆ ಎರಡು ಕೈ ಇಟ್ಟು, ಕಣ್ಣು ಮುಚ್ಚಿ ನಿಂತು, “ಇದಿನ್ನೂ ಬಿಸಿ... ಇನ್ನೂ... ಹಾಂ, ಈಗ ಎರಡೂ ಒಂದೇ. ಸುರಿ,” ಎಂದರು.

ಆಮೇಲೆ ತಿರುವುವುದು. ಒಂದೇ ದಿಕ್ಕಿಗೆ, ನಿಧಾನವಾಗಿ, ಬುಡ ಮುಟ್ಟಿ. ಬೆಳಗ್ಗೆ ಒಂಬತ್ತಕ್ಕೆ ಶುರುಮಾಡಿ ಮಧ್ಯಾಹ್ನದವರೆಗೆ ಸರದಿಯ ಮೇಲೆ ತಿರುವಿದೆವು. ಅವರ ಎಡಗೈಯಲ್ಲಿ ಇನ್ನೂ ಶಕ್ತಿ ಇರಲಿಲ್ಲ, ಅದಕ್ಕೆ ಕೋಲನ್ನು ಅವರು ಬಲಗೈಯಲ್ಲಿ ಹಿಡಿದಾಗ ಎಡಗಡೆಯಿಂದ ನಾನು ಹಿಡಿದೆ. ಅಷ್ಟು ಹತ್ತಿರ ನಾವಿಬ್ಬರೂ ಎಂದೂ ನಿಂತಿರಲಿಲ್ಲ. ನಮ್ಮಮ್ಮ ಸಾಯುವಾಗ ಏನು ಹೇಳಿದಳು, ಐವಲಿಯಲ್ಲಿ ಮನೆಗೆ ಎಷ್ಟು ಬಾಗಿಲಿತ್ತು, ಎಲ್ಲ ಕೇಳಿದರು. ನೀನು ಹುಟ್ಟಿದಾಗ ನಿನ್ನ ಕಿವಿ ಎಷ್ಟು ದೊಡ್ಡದಿತ್ತೆಂದರೆ ಮಾವ “ಇವನು ಗಾಳಿಗೆ ಹಾರಿಹೋಗ್ತಾನೆ” ಎಂದಿದ್ದರಂತೆ, ಅದನ್ನು ಹೇಳಿ ನಕ್ಕರು. ಕೋಲು ಎತ್ತಿದಾಗ ಬಿದ್ದ ಎಳೆ ಮೇಲ್ಮೈಯಲ್ಲಿ ಗೆರೆಯಾಗಿ ನಿಂತಾಗ ನಾನು “ಹದ ಬಂತು” ಎಂದೆ. “ನಿಜವಾಗ್ಲೂ?” ಎಂದರು. “ನನಗೆ ಕೋಲು ಭಾರ ಆಗಿ ಕಾಲು ಗಂಟೆ ಆಯ್ತು, ನಿನಗೆ ಈಗ ಕಾಣಿಸ್ತಾ?”

ಬಟ್ಟೆ ಹಾಸಿದ ಮರದ ಪೆಟ್ಟಿಗೆಗೆ ಸುರಿದು ಕಂಬಳಿ ಹೊದಿಸಿದೆವು. ನಾಲ್ಕನೆಯ ದಿನ ತಂತಿಯಲ್ಲಿ ಕತ್ತರಿಸಿದೆವು. ನೋಡಲು ಗಿಣ್ಣಿನ ಹಾಗೆ ಇತ್ತು. ನನ್ನ ತಪ್ಪು ಇಲ್ಲಿ ಶುರು. ನಮ್ಮಮ್ಮ ಜೋಪಡಿ ಬಿಟ್ಟ ಮೇಲೆ ಸಿಕ್ಕ ಮನೆಯ ನೆಲಮಾಳಿಗೆಯಲ್ಲಿ ಇಡುತ್ತಿದ್ದಳು ಎಂದು ನಾನೂ ಎಣ್ಣೆ ಜಾಡಿಗಳ ಪಕ್ಕ ಹಲಗೆಯ ಮೇಲೆ ಹರಡಿದೆ. ಆರು ವಾರ ಕಳೆಯಿತು, ಈಸ್ಟರ್ ಕಳೆಯಿತು. ಒಂದು ಬಿಲ್ಲೆ ತಂದು ಕೈತೊಳೆದು ನೋಡಿದೆವು. ನೊರೆ ಇಲ್ಲ, ಬೆರಳುಗಳ ನಡುವೆ ದಾರದಂಥ ಲೋಳೆ. ಅತ್ತೆ ಕೈ ಒದರಿ, “ಸೊಸೇ, ಇದು ಸಾಬೂನಲ್ಲ, ಬೆಂಡೆಕಾಯಿ. ಟೊಮೇಟೊ ಹಾಕಿ ಪಲ್ಯ ಮಾಡು,” ಎಂದರು. ನಾನು ನಗಲಿಲ್ಲ. ಹಿತ್ತಲಿಗೆ ಹೋಗಿ ಕೋಳಿಗೂಡಿನ ಹಿಂದೆ ನಿಂತು ಅತ್ತುಬಿಟ್ಟೆ. ಈ ಸಲ ಕಣ್ಣು ಬಿತ್ತು ಎನ್ನಲು ಬೇರೆ ಯಾರೂ ಇರಲಿಲ್ಲ, ಮಾಡಿದವಳು ನಾನೇ.

ಒಳಗೆ ಬಂದಾಗ ಅತ್ತೆ ಇರಲಿಲ್ಲ. ನೆಲಮಾಳಿಗೆಯಲ್ಲಿ ದೀಪವಿಲ್ಲದೆ ಕುಳಿತು, ಒಂದೊಂದೇ ಬಿಲ್ಲೆ ಎತ್ತಿ ಹೆಬ್ಬೆರಳಿನಿಂದ ಆರೂ ಮುಖ ಸವರುತ್ತಿದ್ದರು. “ಮರಿಯಾಂಥಿ, ಬಾ ಇಲ್ಲಿ, ಕೈ ಕೊಡು,” ಎಂದು ನನ್ನ ಬೆರಳನ್ನು ಬಿಲ್ಲೆಯ ಕೆಳಮೈಗೆ ಒತ್ತಿದರು. “ಬೆವರ್ತಿದೆ, ಗೊತ್ತಾಯ್ತಾ? ಮೇಲೆ ಒಣಗಿದೆ, ಕೆಳಗೆ ಬೆವರ್ತಿದೆ. ಉಪ್ಪು ಹಾಕಿದೀಯ, ಉಪ್ಪು ತೇವ ಎಳಕೊಳ್ಳತ್ತೆ. ಈ ಗೋಡೆ ಹಿಂದೆ ಬುಗ್ಗೆ ನೀರು ಹರಿಯತ್ತೆ ಅನ್ನೋದು ನಿನಗೆ ಹೇಗೆ ಗೊತ್ತಿರಬೇಕು? ನಿಮ್ಮಮ್ಮನ ನೆಲಮಾಳಿಗೆ ಮರಳಲ್ಲಿತ್ತು, ಇದು ಬಂಡೆ. ಸಾಬೂನಿಗೇನೂ ಆಗಿಲ್ಲ, ಜಾಗ ಸರಿಯಿಲ್ಲ ಅಷ್ಟೇ. ಮೇಲಕ್ಕೆ ಹೊರು.” ಸ್ತ್ರಾತಿಸ್, ಎರಡು ಕಣ್ಣೂ ಇದ್ದ ನಾನು ದಿನಾ ನೋಡಿಯೂ ಕಾಣದ್ದನ್ನು ಅವರು ಕತ್ತಲಲ್ಲಿ ಕಂಡುಹಿಡಿದರು. ಅವರನ್ನು ಕ್ಷಮಿಸಿದ್ದು ಯಾವಾಗ ಎಂದು ನೀನು ಕೇಳಿದರೆ, ಆಗಲೇ ಇರಬೇಕು.

ಎಲ್ಲವನ್ನೂ ಅಟ್ಟಕ್ಕೆ ಸಾಗಿಸಿದೆವು. ಬಡಗಣ ಕಿಟಕಿ ತೆರೆದು, ತೆಂಕಣದ ಬಿಸಿಲಿನ ಕಿಟಕಿಗೆ ಗೋಣಿ ಕಟ್ಟಿದೆವು, ಬಿಸಿಲು ತಾಗಿದರೆ ಮೇಲ್ಮೈ ಮಾತ್ರ ಒಣಗಿ ಬಿರಿಯುತ್ತದೆ. ಬಿಲ್ಲೆಗಳನ್ನು ಗೋಪುರದ ಹಾಗೆ ಸುತ್ತಲೂ ಜೋಡಿಸಿ, ನಡುನಡುವೆ ಒಂದು ಬೆರಳು ಸಂದು ಬಿಟ್ಟದ್ದು ಅತ್ತೆ. ಅಳತೆಗೆ ಅವರ ಬೆರಳೇ. ಅವತ್ತಿನಿಂದ ಪ್ರತಿದಿನ ಊಟವಾದ ಮೇಲೆ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಒಂದು ಗೋಪುರ ಬಿಚ್ಚಿ ಎಲ್ಲ ಬಿಲ್ಲೆ ಮಗುಚಿ ಮತ್ತೆ ಕಟ್ಟುತ್ತಿದ್ದರು. ಕೆಳಗಿನಿಂದ ನಾನು “ಬಿದ್ದೀರಿ ಅತ್ತೆ,” ಎನ್ನುವುದು, ಮೇಲಿನಿಂದ ಅವರು “ನಿನ್ನ ಗಂಟಲಿಗೆ ಬೆಚ್ಚಿ ಬೀಳ್ತೀನಿ, ಸುಮ್ಮನಿರು,” ಎನ್ನುವುದು. ಬಿಲ್ಲೆಗಳ ಮೇಲೆ ಬಿಳಿ ಹುಡಿ ಕೂತಾಗ ಗಾಬರಿಯಾದೆ, ಅವರು ಚಾಕುವಿನ ಬೆನ್ನಿನಿಂದ ಕೆರೆದು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂಚುಗಳನ್ನು ನಯಮಾಡಿದರು. ಆಗಸ್ಟಿನ ಒಣ ಗಾಳಿ ಹದಿನೈದು ದಿನ ಬಿಡದೆ ಬೀಸಿತು. ಮಾತೆ ಮರಿಯಳ ಹಬ್ಬದ ಮರುದಿನ ಅವರು ಎರಡು ಬಿಲ್ಲೆ ಕೆಳಗೆ ತಂದು ಒಂದಕ್ಕೊಂದು ಬಡಿದರು. ಮರದ ಕೊರಡಿನ ಹಾಗೆ ಟಕ್ ಎಂದಿತು. “ಇನ್ನೊಂದು ತಿಂಗಳು,” ಎಂದು ಮತ್ತೆ ಮೇಲೆ ಹೊತ್ತೊಯ್ದರು. ನನಗೇ ತಾಳ್ಮೆ ಇರಲಿಲ್ಲ.

ಹೋದ ಸೋಮವಾರ ಸಾಬೂನು ಇಳಿಸಿದೆವು. ಸ್ತ್ರಾತಿಸ್, ನೀನು ಮುಟ್ಟಿ ನೋಡಬೇಕು. ದಂತದ ಬಣ್ಣ, ನಡುವೆ ಎಲ್ಲೋ ತಿಳಿಹಸಿರು. ನೊರೆ ಬುರುಬುರು ಎಂದು ಏಳುವುದಿಲ್ಲ, ಹಾಲಿನ ಕೆನೆಯ ಹಾಗೆ ಬರುತ್ತದೆ. ಲೋಳೆಯ ಸುಳಿವಿಲ್ಲ. ಲೆನಿಯೋಳ ತಲೆ ತೊಳೆದೆ, ಕೂದಲು ಬೆರಳಿಗೆ ಕಿರ್ ಎಂದಿತು. ಅತ್ತೆ ಮೊಮ್ಮಗಳ ತಲೆಯನ್ನು ಎಷ್ಟು ಹೊತ್ತು ಮೂಸಿದರೆಂದರೆ ಅವಳು ಕಚಗುಳಿಯಾಗಿ ಓಡಿಹೋದಳು.

ಮಂಗಳವಾರ ಬೆಳಗ್ಗೆ ಅತ್ತೆ ಐದು ಬುಟ್ಟಿ ತುಂಬಿಸಿದರು, ಹೋದ ವರ್ಷದ ಐದು ಮನೆಗೆ. “ನಿನಗೆ ಉಳಿಯೋದು ಕಮ್ಮಿಯಾಗತ್ತೆ,” ಎಂದರು. ಆಗಲಿ ಎಂದೆ. ಒಂದೊಂದು ಮನೆಗೂ ನಾನೇ ಹೋಗಿ ಕೊಟ್ಟು ಬರಬೇಕೆಂದುಕೊಂಡಿದ್ದೆ. ಅವರು ಒಪ್ಪಲಿಲ್ಲ. “ಬುಗ್ಗೆ ಹತ್ರ ಹೋಗೋಣ. ಒಗೆಯೋ ಹೊತ್ತು, ಎಲ್ಲಾ ಇರ್ತಾರೆ. ನಿನ್ನ ತೋಳು ಕೊಡು.” ಇಷ್ಟು ದಿನ ಊರಲ್ಲಿ ಯಾರ ತೋಳನ್ನೂ ಹಿಡಿಯದೆ, ಗೋಡೆ, ಬೇಲಿ, ಲೆಕ್ಕದ ಹೆಜ್ಜೆ ನಂಬಿಕೊಂಡು ನಡೆದವರು ಅವತ್ತು ನಡುಬೀದಿಯಲ್ಲಿ ನನ್ನ ತೋಳು ಹಿಡಿದು ನಡೆದರು. ನಾವು ಬಂದದ್ದು ಕಂಡು ಬುಗ್ಗೆಯ ಹತ್ತಿರ ಬಟ್ಟೆ ಬಡಿಯುವ ಸದ್ದು ನಿಂತಿತು. ಅಮೆರ್ಸಾ, “ಏನು ಮಿರ್ಸಿನಿ ಅಕ್ಕಾ, ಸೊಸೆ ತೋಳು! ಕಾಲು ನೋವೇ?” ಎಂದಳು.

“ಕಾಲು ಗಟ್ಟಿಯಾಗಿದೆ ಅಮೆರ್ಸಾ,” ಎಂದರು ಅತ್ತೆ. “ಎಲ್ಲರೂ ಇದ್ದೀರಾ? ನನಗೆ ಕಾಣಲ್ಲ, ಅದಕ್ಕೆ ಕೇಳ್ತಿದೀನಿ. ಹೋದ ವರ್ಷ ನಿಮ್ಮ ಸಾಬೂನು ಕೆಟ್ಟಿದ್ದು ಕಣ್ಣಿಂದ ಅಂದೆ. ಕಣ್ಣಿಂದಲೇ. ಆದರೆ ಈ ಹುಡುಗಿ ಕಣ್ಣಲ್ಲ, ನನ್ನ ಕಣ್ಣು. ಸೋಡಾ ಅಳತೆ ಕಾಣ್ಲಿಲ್ಲ, ಕಾಣಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು, ಇವಳ ತಲೆಗೆ ಕಟ್ಟಿದೆ. ತಪ್ಪು ನನ್ನದು. ಇದು ಇವಳ ಅಮ್ಮ ಐವಲಿಯ ಸುಲ್ತಾನಾ ಮಾಡ್ತಿದ್ದ ಸಾಬೂನು. ತಗೊಳ್ಳಿ.” ಅಮೆರ್ಸಾ ಬುಟ್ಟಿಯಿಂದ ಒಂದು ಬಿಲ್ಲೆ ತೆಗೆದುಕೊಂಡು, ನೀರಿಗೆ ಅದ್ದಿ, ತನ್ನ ಗಂಡನ ಅಂಗಿಯ ಕಾಲರಿಗೆ ಉಜ್ಜಿ, ಹಿಂಡಿ, ಬಿಸಿಲಿಗೆ ಹಿಡಿದು ನೋಡಿದಳು. “ಅಯ್ಯೋ, ಇದು ಮುಖಕ್ಕೆ ಹಚ್ಚೋ ಸಾಬೂನು, ಇದನ್ನ ಈ ಕತ್ತೆಯ ಕಾಲರಿಗೆ ಹಾಕಿದೆನಲ್ಲ!” ಎಂದಳು. ಎಲ್ಲರೂ ನಕ್ಕರು. ಹೊರಡುವಾಗ ನನ್ನ ಹಿಂದೆಯೇ ಬಂದು, ನನ್ನ ಮುಖ ನೋಡದೆ, “ಬರೋ ವರ್ಷ ನಮ್ಮ ಎಣ್ಣೇನೂ ನಿಮ್ಮಲ್ಲೇ ತರಲಾ ಮರಿಯಾಂಥಿ?” ಎಂದು ಕೇಳಿದಳು. ತರಲು ಹೇಳಿದೆ. ಅವಳ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೂ ತರಲು ಹೇಳಿದೆ.

ಬುಧವಾರ ಬಸ್ಸು ಹಿಡಿದು ಅತ್ತೆಯನ್ನು ಮಿತಿಲಿನಿ ಪಟ್ಟಣದ ಕಣ್ಣಿನ ವೈದ್ಯರ ಹತ್ತಿರ ಕರೆದೊಯ್ದೆ. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ, ಚೆನ್ನಾಗಿ ಬಲಿತಿದೆ, ಅಥೆನ್ಸಿಗೆ ಹೋದರೆ ತೆಗೆಯುತ್ತಾರೆ, ಆಮೇಲೆ ದಪ್ಪ ಕನ್ನಡಕ ಹಾಕಬೇಕು, ಆದರೆ ಕಾಣುತ್ತದೆ ಎಂದರು. ಮೊದಲು ಒಂದು ಕಣ್ಣು, ಅದು ವಾಸಿಯಾದ ಮೇಲೆ ಇನ್ನೊಂದು. ಅತ್ತೆ ಹೊರಗೆ ಬಂದು, “ಈ ವಯಸ್ಸಿಗೆ ಚಾಕು ಹಾಕಿಸ್ಕೊಂಡು ನೋಡಬೇಕಾದ್ದು ಏನಿದೆ?” ಎಂದರು. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ, “ಹೋಗೋಣ,” ಎಂದರು. ನಿನಗೆ ಅವರು ಬರೆಸುತ್ತಿರುವುದು ಇಷ್ಟು: ಚಿಂತೆ ಮಾಡಬೇಡ, ಸೊಸೆ ಜೊತೆಗಿದ್ದಾಳೆ, ಕಂಪನಿಯವರು ಹೊಸ ಕರಾರು ಕೊಟ್ಟರೆ ಸಹಿ ಹಾಕು, ನಿನ್ನ ಕೆಲಸ ನೀನು ನೋಡಿಕೋ.

ಅತ್ತೆಯ ಆಶೀರ್ವಾದ. ಹೊಟ್ಟೆಯ ಮೇಲೆ ಉಣ್ಣೆಯ ಪಟ್ಟಿ ಕಟ್ಟಿಕೊಂಡು ಮಲಗು ಎನ್ನುತ್ತಿದ್ದಾರೆ. ಲೆನಿಯೋಳ ಮುತ್ತು, ಹಲ್ಲಿಲ್ಲದ್ದರಿಂದ ಸ್ವಲ್ಪ ಒದ್ದೆ. ಸಂತ ನಿಕೊಲಾಸರು ನಿನ್ನ ಹಡಗನ್ನು ಸುಗಮವಾಗಿ ದಡ ಸೇರಿಸಲಿ. ಈ ಕಾಗದದ ಜೊತೆ ಸಣ್ಣ ಪೊಟ್ಟಣದಲ್ಲಿ ಎರಡು ಬಿಲ್ಲೆ ಕಳಿಸುತ್ತಿದ್ದೇನೆ, ಬೆನ್ನಿಗೆ ಅದನ್ನೇ ಹಚ್ಚು.

ನಿನ್ನ
ಮರಿಯಾಂಥಿ

ಮ.ಮ.: ಕಾಗದವನ್ನು ಅತ್ತೆಗೆ ಓದಿ ಹೇಳಿಯಾಯಿತು, ಒಪ್ಪಿದರು. ಈಗ ಅಟ್ಟಕ್ಕೆ ಹೋಗಿದ್ದಾರೆ, ಇಳಿದು ಬರುವುದರೊಳಗೆ ಇಷ್ಟು ಬರೆಯುತ್ತೇನೆ, ಇದನ್ನು ಅವರಿಗೆ ಓದುವುದಿಲ್ಲ. ಸಹಿ ಹಾಕಬೇಡ ಸ್ತ್ರಾತಿಸ್. ಬಸ್ಸಿಳಿದ ಮೇಲೆ ನಾನು ವೈದ್ಯರಿಗೆ ಫೋನು ಮಾಡಿಸಿದ್ದರಿಂದ ಅಥೆನ್ಸಿನ ಆಸ್ಪತ್ರೆಯಲ್ಲಿ ನವೆಂಬರ್ ಆರಕ್ಕೆ ದಿನ ಗೊತ್ತಾಗಿದೆ, ನಿನ್ನ ಹಡಗು ಅಕ್ಟೋಬರ್ ಕೊನೆಗೆ ಅಲ್ಲೇ ಹತ್ತಿರದ ಪಿರೇಯಸ್ ಬಂದರಿಗೆ ಬರುತ್ತದೆ. ಊರಿಗೆ ಬರಬೇಡ, ಅಲ್ಲೇ ಇಳಿದು ಕಾದಿರು, ನಾವು ಮೂವರೂ ಬರುತ್ತೇವೆ. ಬಸ್ಸಿನಲ್ಲಿ ಅವರು “ಹೋಗೋಣ” ಎನ್ನುವ ಮೊದಲು ನನ್ನ ಕಿವಿಗೆ ಬಾಗಿ, “ಸ್ತ್ರಾತಿಸ್ ಈಗ ಹೇಗಿದಾನೆ, ಹೇಳು. ಹೊರಟ ದಿನ ಜೆಟ್ಟಿಯಲ್ಲಿ ಅವನ ಮುಖ ಕಾಣಲಿಲ್ಲ, ಮೀಸೆ ಕಪ್ಪು ಮಾತ್ರ ಕಂಡಿತ್ತು,” ಎಂದು ಕೇಳಿದ್ದರು. ಮೀಸೆ ಬೋಳಿಸಿದ್ದೇನೆ ಎಂದು ಮಾರ್ಸೇ ಬಂದರಿನಿಂದ ಬರೆದಿದ್ದೆಯಲ್ಲ, ಅದನ್ನು ಅವರಿಗೆ ಓದಿರಲಿಲ್ಲ. ಇವತ್ತಿನಿಂದಲೇ ಮತ್ತೆ ಮೀಸೆ ಬಿಡು. ಆರು ವಾರವಿದೆ, ಅವರ ಕಣ್ಣಿನ ಪಟ್ಟಿ ಬಿಚ್ಚುವ ದಿನಕ್ಕೆ ಬೆಳೆದಿರುತ್ತದೆ.